ಮೂರನೆಯ ದಿನ ಸುಕ್ಕುಗಟ್ಟಿದ್ದು

ಗಾಂಗ್‌ಶಾನ್, ತೈವಾನ್
ಸೆಪ್ಟೆಂಬರ್ ೧೪

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ದ್ವೀಪದ ಕಾವಲಿನಲ್ಲಿ ಊಟ ಸಪ್ಪೆ ಎಂದು ಬರೆದಿದ್ದೆಯಲ್ಲ, ಅಮ್ಮ ಒಣಮೀನು ಕಳಿಸಿದ್ದಾಳೆ. ಜೊತೆಯ ಸೈನಿಕರಿಗೂ ಕೊಡು, ಜಿಪುಣ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಈ ಕಾಗದ.

ಚಂಡಮಾರುತದ ನೆರೆ ಇಳಿದ ಮೇಲೆ ಪಕ್ಕದ ಮನೆಯ ಶುಯ್‌ಮು ಮಾವ ಬರಿಗಾಲಲ್ಲಿ ಕೆಸರಿಗಿಳಿದು ತಮ್ಮ ಬಾತುಕೋಳಿಗಳನ್ನು ಹುಡುಕಿದರು. ಹತ್ತು ದಿನಕ್ಕೆ ಜ್ವರ, ಎದೆನೋವು. ಮೊದಲೇ ಸಕ್ಕರೆ ಕಾಯಿಲೆಯವರು. ನಾನು ಲ್ಯಾಬ್ ತರಬೇತಿಗಿರುವ ಆಸ್ಪತ್ರೆಗೇ ಸೇರಿಸಿದರು. ನ್ಯುಮೋನಿಯಾ ಎಂದು ಔಷಧಿ ಕೊಟ್ಟರೂ ಜ್ವರ ಇಳಿಯಲಿಲ್ಲ. ಅವರ ರಕ್ತದಿಂದ ರೋಗಾಣು ಬೆಳೆಸಿದ ತಟ್ಟೆ ನನ್ನ ಮೇಜಿಗೇ ಬಂತು. ಮೊದಲ ದಿನ ನುಣ್ಣಗಿದ್ದ ಚುಕ್ಕೆಗಳು ಮೂರನೆಯ ದಿನ ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟಿದ್ದವು. ಲ್ಯಾಬಿನ ಹಿರಿಯಳು ತ್ಸೆಂಗ್ ಅಕ್ಕ ಇಣುಕಿ ನೋಡಿ, "ಹೊರಗಿನ ಕಸ ಸೇರಿ ಕೆಟ್ಟಿದೆ ಕಣೆ, ಬಿಸಾಕು," ಅಂದಳು. ಒಂದು ಚುಕ್ಕೆಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ: ಗುಲಾಬಿ ಕಡ್ಡಿಗಳು, ಎರಡೂ ತುದಿಗೆ ಬಣ್ಣ, ನಡು ಖಾಲಿ. ಹೋದ ವರ್ಷ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ತಪ್ಪು ಬರೆದು ನಾನು ಫೇಲಾದಾಗ, "ಹುಳ ಗುರುತಿಸೋಕೂ ಬರಲ್ವಾ ನಿಂಗೆ?" ಎಂದು ನೀನು ನಕ್ಕಿದ್ದೆ. ಫೇಲಾದ ಪಾಠ ಯಾರಿಗೂ ಮರೆಯುವುದಿಲ್ಲ. ಇದು ಮಣ್ಣಿನ ರೋಗಾಣು, ಮಾಮೂಲಿ ಔಷಧಿಗೆ ಜಗ್ಗುವಂಥದ್ದಲ್ಲ.

ತಟ್ಟೆಗೆ ಅಂಟುಪಟ್ಟಿ ಸುತ್ತಿಟ್ಟು ಡಾಕ್ಟರ ಬಳಿಗೆ ಓಡಿದೆ. "ನಾಲ್ಕು ತಿಂಗಳ ಹಿಂದೆ ಬಂದೋಳು, ನಂಗೇ ಪಾಠ ಹೇಳ್ತೀಯಾ?" ಎಂದು ತ್ಸೆಂಗ್ ಅಕ್ಕ ಹಿಂದಿನಿಂದ ಕೂಗುತ್ತಿದ್ದಳು. ಡಾಕ್ಟರು "ಖಾತ್ರಿನಾ?" ಎಂದರು. "ಇಲ್ಲ ಸರ್. ಆದ್ರೆ ಮಾವ ಕೆಸರಲ್ಲಿ ನಿಂತಿದ್ದು ಖಾತ್ರಿ," ಎಂದೆ. ಅವರು ಅಂದೇ ಔಷಧಿ ಬದಲಿಸಿದರು. ದೊಡ್ಡ ಲ್ಯಾಬಿನಿಂದ ಉತ್ತರ ಬರಲು ನಾಲ್ಕು ದಿನ. ನಾನು ಹೇಳಿದ್ದು ಸರಿಯಾಗಿತ್ತು. ಔಷಧಿ ಬದಲಿಸಿದ ಒಂಬತ್ತನೆಯ ದಿನವಾದ ಇಂದು ಮಾವನ ಜ್ವರ ಬಿಟ್ಟಿದೆ. ಗಂಜಿ ಕೇಳಿದರಂತೆ, ಅತ್ತೆಯನ್ನು ಬೈದರಂತೆ: "ಬಾತುಗಳಿಗೆ ಕಾಳು ಹಾಕಿದ್ಯೇನೇ, ಇಲ್ಲಾ ಇಲ್ಲೇ ಕೂತು ಅಳ್ತಿದ್ಯಾ?" ತ್ಸೆಂಗ್ ಅಕ್ಕ ನನ್ನ ಊಟದ ಡಬ್ಬಿಯ ಪಕ್ಕ ಒಂದು ಬಿಸಿ ಬನ್ನು ಇಟ್ಟು ಹೋದಳು.

ಅಮ್ಮ ನಿನ್ನನ್ನು ಹರಸಿದ್ದಾಳೆ, ಬೆಚ್ಚಗೆ ಹೊದ್ದು ಮಲಗು ಎಂದಿದ್ದಾಳೆ.

ನಿನ್ನ ತಂಗಿ,
ಪೇಯ್‌ರೋಂಗ್

ಮರೆತ ಮಾತು: ಅಸಲಿಗೆ ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಮೊದಲ ದಿನ, ಏನೆಂದು ಗೊತ್ತಿಲ್ಲದೆ, ಆ ತಟ್ಟೆಯ ಮುಚ್ಚಳ ತೆಗೆದು ಮೂಸಿ ನೋಡಿದ್ದೆ. ಈ ರೋಗಾಣು ಉಸಿರಿನಿಂದಲೂ ಒಳಗೆ ಹೋಗುತ್ತದೆ. ಮುನ್ನೆಚ್ಚರಿಕೆಗೆಂದು ನಾನೂ ಇಪ್ಪತ್ತೊಂದು ದಿನ ಮಾತ್ರೆ ನುಂಗಬೇಕು, ದಿನಕ್ಕೆರಡು ಸಲ ಜ್ವರ ನೋಡಿಕೊಳ್ಳಬೇಕು. ದೊಡ್ಡ ಲ್ಯಾಬಿನ ಉತ್ತರ ಬಂದ ದಿನ ಶುರುಮಾಡಿದೆ, ಇವತ್ತು ಐದನೆಯ ದಿನ. ಜ್ವರವಿಲ್ಲ. ಅಮ್ಮನಿಗೆ ಹೇಳಿಲ್ಲ. ಭಾನುವಾರ ಫೋನ್ ಮಾಡು ಅಣ್ಣಾ. ಅಮ್ಮ ಎತ್ತಿದರೆ ಮೊಣಕಾಲಿನ ಮಾತಾಡಿ, ನನ್ನನ್ನು ಕರೆಸು.