ಧೂಳಿನಲ್ಲಿ ಬಿದ್ದ ಉಂಗುರ

ಎಮರ್ಸನ್,

ನಿನಗೊಂದು ಸುದ್ದಿ ಹೇಳಬೇಕು. ಇದು ನಿನ್ನ ಕೈ ಸೇರಿದರೆ ನಾನು ಕೆಟ್ಟೆ. ಬರೆದು ಮುಗಿದ ಮೇಲೆ ಒಲೆಗೆ ಹಾಕುತ್ತೇನೆ.

ಈ ದಿನ ಗ್ಯಾಲಪ್ ಸಂತೆಗೆ ಹೋಗಿದ್ದೆ. ನೀನು ಬೆಳ್ಳಿ ಸಾಮಾನು ಹರಡುವ ಮೇಜಿನ ಹಿಂದೆ ನಿನ್ನ ಹೊಸ ಹೆಂಡತಿ ಲೊರೆಟಾ ಕೂತಿದ್ದಳು. ಬೆರಳಲ್ಲಿ ನನ್ನ ಉಂಗುರ! ನನ್ನ ಅಜ್ಜ ಬೆಳ್ಳಿ ನಾಣ್ಯ ಕರಗಿಸಿ, ಟರ್ಕಾಯ್ಸ್ ನೀಲಿ ಕಲ್ಲು ಕೂರಿಸಿ ಅಜ್ಜಿಗೆ ಮಾಡಿಕೊಟ್ಟದ್ದು. ನನ್ನನ್ನು ಬಿಟ್ಟು ಹೋಗುವಾಗ ನೀನು ಹೊತ್ತೊಯ್ದದ್ದು.

“ಏನಕ್ಕಾ, ಹಾಗೆ ನೋಡ್ತೀಯ? ಕಣ್ಣು ಬಿತ್ತಾ?” ಎಂದು ನಕ್ಕಳು.

“ಕಣ್ಣಲ್ಲ ತಾಯಿ, ಭಯ. ಅದನ್ನ ನಮ್ಮಜ್ಜಿ ಬೆರಳಲ್ಲೇ ಇಟ್ಟು ಮಣ್ಣು ಮಾಡಿದ್ವಿ. ನಿನ್ನ ಗಂಡ ಹೇಳ್ಲಿಲ್ವಾ?” ಎಂದೆ, ಸಂತೆಗೆಲ್ಲ ಕೇಳುವಂತೆ.

ಸತ್ತವರ ಜೊತೆ ಹೋದದ್ದನ್ನು ಮುಟ್ಟುವವರು ನಮ್ಮ ಬುಡಕಟ್ಟಿನಲ್ಲಿ ಯಾರಿದ್ದಾರೆ? ಲೊರೆಟಾ ಉಂಗುರವನ್ನು ಕಿತ್ತೆಸೆದಳು. ನಿನ್ನ ಮೇಜಿನ ಬಳೆಯೊಂದನ್ನು ಹಿಡಿದು ಚೌಕಾಸಿ ಮಾಡುತ್ತಿದ್ದ ಮುದುಕಿ ಬಳೆಯನ್ನು ಹಾಗೇ ಕೆಳಗಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೊರಟಳು.

“ಗೋರಿ ಅಗೆಯೋನ ಬೆಳ್ಳಿ, ಮುಟ್ಬೇಡ್ರೋ!” ಎಂದು ಪಕ್ಕದಲ್ಲಿ ಕುರಿಸಾರು ಮಾರುವವನು ಕೂಗಿದ.

ಇನ್ನು ನಿನ್ನ ಮೇಜಿನ ಹತ್ತಿರ ಯಾರೂ ಸುಳಿಯುವುದಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಆ ಸಾರಿನವನ ಹತ್ತಿರವೇ ಕೂತು ಬಿಸಿ ಸಾರು ಕುಡಿದೆ.

ನಮ್ಮ ಮದುವೆಯ ದಿನ ಅಜ್ಜಿ ತನ್ನ ಕೈಯಿಂದಲೇ ಅದನ್ನು ಕಳಚಿ ನನ್ನ ಬೆರಳಿಗೆ ತೊಡಿಸಿದ್ದು ನಿನಗೆ ಗೊತ್ತು. ನೀನೀಗ ಎಷ್ಟು ಬಾಯಿ ಬಡಿದುಕೊಂಡರೂ ಯಾರೂ ನಂಬುವುದಿಲ್ಲ.

ಸಂತೆ ಮುಗಿದಾಗಲೂ ಉಂಗುರ ಧೂಳಿನಲ್ಲೇ ಬಿದ್ದಿತ್ತು, ನೀಲಿ ಕಲ್ಲು ಮೇಲಾಗಿ. ಜನರೆಲ್ಲ ಅದನ್ನು ತುಳಿಯದೆ ಸುತ್ತುಹಾಕಿ ನಡೆಯುತ್ತಿದ್ದರು. ಅವರೆದುರಿಗೆ ಎತ್ತಿಕೊಳ್ಳುವಂತಿರಲಿಲ್ಲ; ನಾನೂ ಸುತ್ತುಹಾಕಿಯೇ ಬಂದೆ.