ಜಲಪಾತದ ಎದುರು

ಕಾಪು
೩ ಅಕ್ಟೋಬರ್ ೧೯೬೧

ಪ್ರಿಯ ಪಪ್ಪಾ,

ಓಸ್ವಾಲ್ಡರ ಸಂಬಂಧ ಒಪ್ಪಿಗೆಯೇ ಎಂದು ಬೊಂಬಾಯಿಯಿಂದ ಕೇಳಿದ್ದೀರಿ. ನಿನ್ನೆ ಅವರು ಮತ್ತು ಅವರ ಮನೆಯವರೊಂದಿಗೆ ಕಾರ್ಕಳದ ಕಡೆಗೆ ಜಲಪಾತ ನೋಡಲು ಹೋಗಿದ್ದೆವು.

ದಾರಿಯಲ್ಲಿ ಮಡಕೆ ಕೊಳ್ಳಲು ಇಳಿದ ಕುಂಬಾರರ ಮನೆಯಲ್ಲಿ ಓಸ್ವಾಲ್ಡರ ಬೆನ್ನ ಹಿಂದೆಯೇ ಮಡಕೆಯೊಂದು ಬಿದ್ದು ಒಡೆಯಿತು. ಅವರು ತಿರುಗಲಿಲ್ಲ. ಬಜಗೋಳಿಯಲ್ಲಿ ಊಟಕ್ಕೆ ಕುಳಿತಾಗ ನನ್ನ ಪ್ರಶ್ನೆಗಳಿಗೆಲ್ಲ ಅವರ ತಾಯಿಯೇ ಉತ್ತರಿಸಿದರು.

"ಅವನ ಹತ್ರ ಎಂತ ಕೇಳುವುದು ಸೋಫಿಯಾ, ಅವನಿಗೆ ನಾಚಿಕೆ ಉಂಟು. ನೀನು ಪತ್ರೊಡೆ ತಿನ್ನು."

ಜಲಪಾತದ ಎದುರು ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. "ಬಂಡೆ ಜಾರುತ್ತದೆ" ಎಂದು ನಾನು ಮೆಲ್ಲಗೆ ಅಂದೆ. ನನ್ನ ತುಟಿಗಳನ್ನೇ ನೋಡುತ್ತಿದ್ದ ಓಸ್ವಾಲ್ಡರೊಬ್ಬರೇ ಹಿಂದೆ ಸರಿದರು.

ಅವರಿಗೆ ಕಿವಿ ಕೇಳಿಸುವುದಿಲ್ಲ, ಪಪ್ಪಾ. ನನ್ನ ಭಯ ಅದಲ್ಲ. ಮನೆಯವರು ಮುಚ್ಚಿಟ್ಟದ್ದಕ್ಕೆ ಅವರ ಒಪ್ಪಿಗೆಯೂ ಉಂಟೇ ಎಂಬುದು.

ಮಮ್ಮಿಗೆ ಹೇಳಿಲ್ಲ. ದಯವಿಟ್ಟು ಓಸ್ವಾಲ್ಡರ ಮನೆಗೆ ಈಗಲೇ ಕಾಗದ ಬರೆಯಬೇಡಿ. ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನಾನೇ ಓಸ್ವಾಲ್ಡರನ್ನು ಕೇಳುತ್ತೇನೆ. ನಿಜ ಹೇಳಿದರೆ ಮದುವೆಗೆ ಒಪ್ಪುತ್ತೇನೆ.

ನಿಮ್ಮ ಮಗಳು,
ಸೋಫಿಯಾ