ನಾನು ಹಸಿರು ಎನ್ನಲಿಲ್ಲ

ವಿಚಾರಣೆ ನಡೆಸುತ್ತಿರುವ ಸಾಹೇಬರಿಗೆ,

ಗೂಡ್ಸ್ ರೈಲನ್ನು ಸುಮ್ಮಸುಮ್ಮನೆ ನಿಲ್ಲಿಸಿದ್ದಕ್ಕೆ ಕ್ಷಮೆ ಬರೆದುಕೊಡು, ಇಲ್ಲದಿದ್ದರೆ ಎಂಜಿನ್ ಹತ್ತಿಸುವುದಿಲ್ಲ ಎಂದಿದ್ದೀರಿ. ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಟೇಕಲ್ ದಾಟುತ್ತಲೇ ಮಂಜು ಗಾಜಿಗೆ ಅಂಟಿಕೊಂಡಿತು. ಸಿಗ್ನಲ್ಲಿನ ಬಣ್ಣವನ್ನು ಚಾಲಕರು ಕೂಗಬೇಕು, ಸಹಾಯಕಿಯಾದ ನಾನೂ ನೋಡಿ ಕೂಗಬೇಕು. ಅದು ನಿಯಮ. ಚಾಲಕ ಕೋದಂಡರಾಮಪ್ಪನವರು "ಹಸಿರು" ಎಂದರು. ನನಗೆ ಬರೀ ಬಿಳುಪು ಕಂಡಿತು.

"ಹಸಿರು ಅನ್ನು ಅಮ್ಮಾಯಿ! ಮೂವತ್ತು ವರ್ಷ ಓಡ್ಸಿದೀನಿ, ಇಲ್ಲಿ ಹಸಿರೇ ಇರುತ್ತೆ."

"ನಿಮಗೆ ಕಾಣಿಸ್ತಾ ಸಾರ್?"

"ಬಾಯಿ ಬಿಡ್ತೀಯೋ ಇಲ್ವೋ?"

ಬಿಡಲಿಲ್ಲ. ನನ್ನ ಬದಿಯ ತುರ್ತು ಬ್ರೇಕ್ ಎಳೆದೆ. ಐವತ್ತೆಂಟು ವ್ಯಾಗನ್ನುಗಳು ನರಳುತ್ತಾ ನಿಂತವು. ಇಳಿದು ಸಿಗ್ನಲ್ ಕಂಬದವರೆಗೆ ನಡೆದು ನೋಡಿದೆ. ಹಸಿರೇ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಮತ್ತೆ ಹೊರಟಾಗ ಕೋದಂಡರಾಮಪ್ಪನವರು ಮುಂದಿನ ಸಿಗ್ನಲ್ ಕೂಗಲಿಲ್ಲ. "ನನಗೂ ಕಂಡಿರಲಿಲ್ಲ ಕಣಮ್ಮಾ. ಈಗ ನೀನೇ ಮೊದಲು ನೋಡಿ ಹೇಳು" ಎಂದರು. ಅವರನ್ನು ಕರೆದು ಕೇಳಿ. ಆದರೆ ಅವರಿಗೆ ಶಿಕ್ಷೆ ಕೊಡಬೇಡಿ. ಸಮಯ ಮೀರಿದರೆ ಎಲ್ಲರನ್ನೂ ಬೈಯುವವರು ನೀವೇ.

ವರದಿಯಲ್ಲಿ "ಹೆಣ್ಣುಮಗಳು ಹೆದರಿದಳು" ಎಂದು ಬರೆದಿದ್ದೀರಿ. ಅದನ್ನು ಹೊಡೆದುಹಾಕಿ. ಹೆದರಿದ್ದರೆ ಹಸಿರು ಎಂದುಬಿಡುತ್ತಿದ್ದೆ. "ಕಾಣಲಿಲ್ಲ, ನಿಲ್ಲಿಸಿದಳು" ಎಂದು ಬರೆದರೆ ಸಹಿ ಹಾಕುತ್ತೇನೆ.

ನಾಳೆಯೂ ಮಂಜು ಇರುತ್ತದಂತೆ. ಡ್ಯೂಟಿಗೆ ಬರುತ್ತೇನೆ. ಕಾಣದಿದ್ದರೆ ನಾಳೆಯೂ ನಿಲ್ಲಿಸುತ್ತೇನೆ.

ಇಂತಿ,
ಸಾದಿಯಾ
ಸಹಾಯಕ ಲೋಕೋ ಪೈಲಟ್, ಮಾಲೂರು